ಎರಡು ಸೆಕೆಂಡಿನ ಸುಳ್ಳು

"ಯಾಕಮ್ಮ ನಿಲ್ಲಿಸ್ದೆ? ಓದು."

ಆಂಜಿನಮ್ಮ ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದಳು. ಅವಳ ಮಡಿಲಲ್ಲಿ ಕಾಗದಗಳ ಕಟ್ಟು, ಎದುರಿಗೆ ರಸ್ತೆಯಾಚೆ ಪೊಲೀಸ್ ಠಾಣೆ. ಠಾಣೆಯ ಮೆಟ್ಟಿಲ ಮೇಲೆ ಅವಳ ತಾಯಿ ಲಕ್ಷ್ಮಿದೇವಮ್ಮ ನಿನ್ನೆ ಸಂಜೆಯಿಂದ ಕೂತಲ್ಲೇ ಕೂತಿದ್ದಳು. ಒಳಗೆ, ಕಂಬಿಗಳ ಹಿಂದೆ, ಅಣ್ಣ ಚೆನ್ನರಾಯಪ್ಪ.

"ಹನ್ನೊಂದು ಮೂವತ್ತೆಂಟಕ್ಕೆ ಹನ್ನೆರಡು ಸೆಕೆಂಡು," ಎಂದು ಅವಳು ಓದಿದಳು. "ಮೂವತ್ತೊಂಬತ್ತಕ್ಕೆ ಹದಿಮೂರು. ನಲವತ್ತಕ್ಕೆ..."

ದನಿ ಮತ್ತೆ ತಡೆಯಿತು.

"ನಲವತ್ತಕ್ಕೆ?"

"ಎರಡು."

"ಎಷ್ಟು?"

"ಎರಡು ಸೆಕೆಂಡು ತಾತ. ಆಮೇಲೂ ಅಷ್ಟೇ. ಎರಡು, ಎರಡು, ಮೂರು, ಎರಡು..."

ಹೊಂಗೆ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ವೆಂಕಟರವಣಪ್ಪ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. ಎರಡು ಕಣ್ಣಿಗೂ ಪೊರೆ ಬಂದಿತ್ತು. ಸಣ್ಣ ಅಕ್ಷರ ಅವನ ಪಾಲಿಗೆ ಇರುವೆಯ ಸಾಲು. ಆದರೆ ಚಿಂತಾಮಣಿಯ ಖಾಸಗಿ ಬಸ್ ನಿಲ್ದಾಣದಲ್ಲಿ ಇಪ್ಪತ್ತೆಂಟು ವರ್ಷ ಟೈಂ ಕೀಪರ್ ಆಗಿದ್ದವನು. ಯಾವ ಬಸ್ಸು ಎಷ್ಟು ಹೊತ್ತಿಗೆ ಬಂತು, ಯಾಕೆ ತಡವಾಯಿತು, ಯಾವ ಕಂಡಕ್ಟರ್ ಹೇಳಿದ್ದು ಸುಳ್ಳು, ಇದನ್ನೆಲ್ಲ ಕಿವಿಯಲ್ಲೇ ಅಳೆಯುತ್ತಿದ್ದ. ಊರಲ್ಲಿ ಏನಾದರೂ ಕಳೆದರೆ ಜನ ಮೊದಲು ಅವನ ಮನೆ ಬಾಗಿಲಿಗೆ ಬರುತ್ತಿದ್ದರು, ಆಮೇಲೆ ಠಾಣೆಗೆ.

"ಅಲ್ಲಮ್ಮಾ, ನೀವು ಅಳೆದಿದ್ದು ಏನು ಅಂತ ಇನ್ನೊಂದು ಸಲ ಹೇಳು. ನಿಧಾನವಾಗಿ. ನನ್ನಂಥ ದಡ್ಡನಿಗೆ ತಿಳಿಯೋ ಹಂಗೆ."

ಅವಳು ಹೇಳಿದಳು. ಗೌರಿಬಿದನೂರಿನ ಒಂದು ಟ್ರಸ್ಟು ನರ್ಸಿಂಗ್ ತರಬೇತಿ ಸೀಟುಗಳಿಗೆ ಪರೀಕ್ಷೆ ನಡೆಸಿತ್ತು. ಮೂರು ಸಾವಿರ ಹುಡುಗಿಯರು ಬರೆದಿದ್ದರು. ಫಲಿತಾಂಶ ಸೋಮವಾರ ಬೆಳಗ್ಗೆ ವೆಬ್‌ಸೈಟಿನಲ್ಲಿ ಬರಬೇಕು. ತೊಂಬತ್ತೊಂಬತ್ತನೇ ಇಸವಿಯಲ್ಲಿ ಈ ಸೀಮೆಗೆ ಅದು ಹೊಸದು. ನಾಲ್ಕು ಊರಿನ ಇಂಟರ್ನೆಟ್ ಅಂಗಡಿಗಳಲ್ಲಿ ಎಲ್ಲರೂ ಒಟ್ಟಿಗೆ ನಂಬರು ಒತ್ತಿದರೆ ಚೆನ್ನರಾಯಪ್ಪ ಮೇಷ್ಟ್ರಾಗಿದ್ದ ಕಂಪ್ಯೂಟರ್ ಸೆಂಟರಿನ ಒಳಕೋಣೆಯಲ್ಲಿ, ಫಲಿತಾಂಶದ ಪಟ್ಟಿ ಇಟ್ಟಿದ್ದ ದೊಡ್ಡ ಕಂಪ್ಯೂಟರು ತಡೆದೀತೇ? ಅದನ್ನು ನೋಡಲು ನಿನ್ನೆ ಶನಿವಾರ ಪರೀಕ್ಷೆ ಮಾಡಿದ್ದರು.

"ಅಣ್ಣ ನಿಮಿಷಕ್ಕೊಂದ್ಸಲ ಸೀಟಿ ಊದೋನು. ಇಪ್ಪತ್ತು ಜನ ಹುಡುಗೀರು ಒಟ್ಟಿಗೆ ನಂಬರ್ ಒತ್ತಬೇಕು. ಪರದೆ ಮೇಲೆ ಪುಟ ಬರೋಗಂಟ ಎಷ್ಟು ಸೆಕೆಂಡು ಅಂತ ವಾಚ್ ನೋಡ್ಕಂಡು ಬರೀಬೇಕು. ಹತ್ತು ನಲವತ್ತರಿಂದ ಹನ್ನೆರಡು ನಲವತ್ತರವರೆಗೆ."

"ಪುಟದಲ್ಲಿ ಏನು ಬಂತು ಅಂತ ಬರೀಬೇಕಾಗಿರಲಿಲ್ವಾ?"

"ಇಲ್ಲ. ಬರೀ ಸೆಕೆಂಡು. ಕೆಲವು ನಂಬರು ಸುಮ್ನೆ ಕೊಟ್ಟಿರೋದು, ಸಿಗಲಿಲ್ಲ ಅಂತ ಬಂದ್ರೂ ಪರವಾಗಿಲ್ಲ, ಓದ್ತಾ ಕೂತ್ಕೋಬೇಡಿ ಅಂದಿದ್ರು."

"ಸರಿ. ಮುಂದಕ್ಕೆ?"

ಅವಳು ಒಂದೊಂದೇ ಹಾಳೆ ಓದಿದಳು. ಎಲ್ಲವೂ ಒಂದೇ ಹಾಡು. ಹನ್ನೊಂದು ನಲವತ್ತರವರೆಗೆ ಹತ್ತು, ಹನ್ನೆರಡು, ಹದಿಮೂರು. ಆಮೇಲೆ ಅರ್ಧ ಗಂಟೆ ಎರಡು, ಮೂರು. ಹನ್ನೆರಡೂ ಹತ್ತಕ್ಕೆ ಮತ್ತೆ ಹನ್ನೆರಡು.

"ಎಷ್ಟು ಹಾಳೆ ಆಯ್ತು?"

"ಹತ್ತೊಂಬತ್ತು."

"ಇಪ್ಪತ್ತು ಜನ ಅಂದಲ್ಲ?"

"ಯಾರೋ ಒಬ್ಬಳು ಮನೆಗೆ ತಗಂಡೋಗಿರ್ಬೇಕು ತಾತ."

"ಹೋಗಲಿ ಬಿಡು."

ಈ ಎರಡು ಮಾತಿಗೆ ಅವನು ಆಮೇಲೆ ತನ್ನನ್ನು ತಾನೇ ಬೈದುಕೊಂಡ.

ಶನಿವಾರ ಮಧ್ಯಾಹ್ನ ಎರಡೂವರೆಗೆ ಟ್ರಸ್ಟಿನವರು ಪಟ್ಟಿಯನ್ನು ತಮ್ಮ ಮೂಲ ಪ್ರತಿಯ ಜೊತೆ ತಾಳೆ ನೋಡಿದಾಗ ಹನ್ನೊಂದು ಹುಡುಗಿಯರ ಅಂಕ ಬದಲಾಗಿತ್ತು. ಫೇಲಾದವರು ಪಾಸು. ಅವರ ಬದಲು ಹನ್ನೊಂದು ಬಡ ಮನೆಯ ಮಕ್ಕಳು ಹೊರಗೆ. ಒಂದರಿಂದ ಎರಡು ಗಂಟೆಯವರೆಗೆ ಒಳಕೋಣೆಯಲ್ಲಿ ಚಿಲಕ ಹಾಕಿಕೊಂಡು ಒಬ್ಬನೇ ಕೂತಿದ್ದವನು ಚೆನ್ನರಾಯಪ್ಪ. ಹಿಡಿದುಕೊಂಡು ಹೋದಾಗಿನಿಂದ ಅವನು ತುಟಿ ಬಿಚ್ಚಿರಲಿಲ್ಲ. ಒಂದು ತುತ್ತು ತಿಂದಿರಲಿಲ್ಲ. ಸಂಜೆ ನಾಲ್ಕಕ್ಕೆ ಮ್ಯಾಜಿಸ್ಟ್ರೇಟರ ಮನೆಗೆ ಕರೆದೊಯ್ಯುತ್ತಾರೆ. ಅಲ್ಲಿಂದ ಜೈಲು. ಒಂದನೇ ತಾರೀಕು ಕುಡುಮಲಕುಂಟೆಯ ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಸೇರಬೇಕಾಗಿದ್ದ ಹುಡುಗ. ಅವರ ಬೀದಿಯಲ್ಲಿ ಕಂಪ್ಯೂಟರ್ ಕಲಿತವನು ಅವನೇ ಮೊದಲು. ಅವನ ಡಿಪ್ಲೊಮಾ ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಲಕ್ಷ್ಮಿದೇವಮ್ಮ ಠಾಣೆಗೆ ಬಂದುಹೋಗುವ ಪ್ರತಿ ಪೇದೆಗೂ ತೋರಿಸುತ್ತಿದ್ದಳು.

ವೆಂಕಟರವಣಪ್ಪ ಹಾಳೆಗಳನ್ನು ಕೈಗೆ ತೆಗೆದುಕೊಂಡು ಎದ್ದ.

"ಅಮ್ಮನಿಗೆ ಒಂದು ಲೋಟ ಟೀ ಆದ್ರೂ ಕುಡಿಸು. ನಾನು ಕಂಪ್ಯೂಟರ್ ಸೆಂಟರಿಗೆ ಹೋಗಿಬರ್ತೀನಿ."

"ತಾತ, ಯಾರು ಮಾಡಿದ್ದು ಅಂತ ಗೊತ್ತಾದ್ರೆ ಅಣ್ಣನ್ನ ಬಿಡ್ತಾರಾ?"

"ಬಿಡದೆ ಏನು?"

"ಮಾಡ್ದೋರ್ಗೆ ಎಷ್ಟು ವರ್ಷ ಹಾಕ್ತಾರೆ?"

ಸಿಟ್ಟಿನಿಂದ ಕೇಳುತ್ತಿದ್ದಾಳೆ ಎಂದುಕೊಂಡ ಅವನು. "ಅದನ್ನ ಕೋರ್ಟು ನೋಡ್ಕಳುತ್ತೆ, ನೀನು ಧೈರ್ಯವಾಗಿರು," ಎಂದು ಅವಳ ತಲೆ ಸವರಿ ಹೊರಟ.

ಭಾನುವಾರ. ಕಂಪ್ಯೂಟರ್ ಸೆಂಟರಿನಲ್ಲಿ ಕಸ ಗುಡಿಸುವ ಗಂಗುಲಮ್ಮ ಬಿಟ್ಟರೆ ನರಪಿಳ್ಳೆ ಇರಲಿಲ್ಲ. ಉದ್ದನೆಯ ಹಜಾರ, ಇಪ್ಪತ್ತು ಕಂಪ್ಯೂಟರು, ಕೊನೆಯ ಸಾಲಿನ ಪಕ್ಕ ಒಳಕೋಣೆಯ ಬಾಗಿಲು. ಆ ಬಾಗಿಲಿನ ಆಚೆ ನೀರಿನ ಮಡಕೆ.

"ಗಂಗುಲಮ್ಮಾ, ನಿನ್ನೆ ಈ ಬಾಗಿಲು ಮುಚ್ಚಿತ್ತೋ ತೆಗೆದಿತ್ತೋ?"

"ತೆಗ್ದಿತ್ತು ಸಾಮೀ. ಆ ದೊಡ್ಡ ಮಿಷನ್‌ಗೆ ಶೆಕೆ ಆಗ್ತದಂತೆ, ನಮಗಾಗಲ್ವಂತೆ! ಬಾಗ್ಲು ತೆಗ್ದು ಫ್ಯಾನ್ ಇಟ್ಟಿದ್ರು."

"ಒಳಗೆ ಯಾರು ಹೋದ್ರು?"

"ಅಯ್ಯೋ ದೇವುಡಾ! ನೀರ್ ಕುಡಿಯೋಕೆ ಎಲ್ಲಾ ಹುಡುಗೀರೂ ಹೋಗ್ತವೆ. ನಾನೇನು ಕುರಿ ಎಣಿಸ್ತಾ ನಿಂತ್ಕಂಡಿದ್ನಾ?"

"ಮೇಷ್ಟ್ರು ಹೋದ್ರಾ?"

"ಅವ್ರೆಲ್ಲಿಗೆ ಹೋಗ್ತಾರೆ? ಹಜಾರದ ಮಧ್ಯ ನಿಂತ್ಕಂಡು ನಿಮಿಷಕ್ಕೊಂದ್ಸಲ ಸೀಟಿ. ಎರಡು ಗಂಟೆ. ನನ್ನ ಕಿವಿ ಇನ್ನೂ ಗುಂಯ್ ಅಂತೈತೆ."

ಅಷ್ಟು ಹೊತ್ತಿಗೆ ಮಾಲೀಕ ಮುನಿಶಾಮಪ್ಪ ಮಹಡಿಯಿಂದ ಇಳಿದು ಬಂದ. ತಲೆತಲಾಂತರದ ಜಮೀನುದಾರರ ಮನೆಯವನು. ಎರಡು ಎಕರೆ ಮಾರಿ ಕಂಪ್ಯೂಟರು ಹಾಕಿದ್ದಾನೆಂದು ನೆಂಟರೆಲ್ಲ ನಗುತ್ತಿದ್ದರು. ಆ ನಗು ಅವನ ಮುಖದಲ್ಲಿ ಗೆರೆ ಎಳೆದಿತ್ತು.

"ವೆಂಕಟರವಣಪ್ಪನೋರೇ, ಇದು ಬಸ್ಸಿನ ವಿಷಯ ಅಲ್ಲ. ನಿಮಗೆ ತಿಳಿಯಲ್ಲ. ಸುಮ್ನೆ ಮನೆಗೆ ಹೋಗಿ ಮಲಕ್ಕಳಿ."

"ಮಲಗೋಣ ಅಂತ್ಲೇ ಇದ್ದೆ. ಒಂದು ಅನುಮಾನ ನಿದ್ದೆ ಕೆಡಿಸ್ತು. ಹನ್ನೊಂದು ನಲವತ್ತಕ್ಕೆ ನಿಮ್ಮ ಮಿಷನ್ನು ಅಷ್ಟು ಚುರುಕಾಗಿದ್ದು ಹೆಂಗೆ?"

ಮುನಿಶಾಮಪ್ಪನ ಮುಖ ಅರಳಿತು. "ಅದೇ ನೋಡಿ! ಬಿಸಿ ಏರೋವರೆಗೂ ಒದ್ದಾಡ್ತು, ಆಮೇಲೆ ದಾರಿಗೆ ಬಂತು. ನಾನೇ ಮೈಸೂರು ಪಾಕ್ ತರಿಸಿ ಹಂಚಿದೆ. ಟ್ರಸ್ಟಿನೋರು ಸರಾಸರಿ ಹತ್ತು ಸೆಕೆಂಡಿನೊಳಗೆ ಬರಬೇಕು ಅಂದಿದ್ರು. ನಮ್ಮದು ಒಂಬತ್ತು. ನಾಲ್ಕು ತಾಲ್ಲೂಕಿನ ಕೆಲಸ ನಮಗೇ."

"ಹನ್ನೆರಡೂ ಹತ್ತಕ್ಕೆ ಮತ್ತೆ ದಾರಿ ತಪ್ತಲ್ಲ?"

"ಹುಡುಗೀರು ಸುಸ್ತಾಗಿದ್ರು."

"ಹುಡುಗೀರು ಸುಸ್ತಾದ್ರೆ ಮಿಷನ್ನು ಯಾಕೆ ನಿಧಾನ ಆಗುತ್ತೆ ಮುನಿಶಾಮಪ್ಪಾ?"

ವೆಂಕಟರವಣಪ್ಪ ಒಂದು ಕುರ್ಚಿ ಎಳೆದುಕೊಂಡು ಕೂತ.

"ನಿಮಗೊಂದು ಬಸ್ಸಿನ ಕತೆ ಹೇಳ್ತೀನಿ, ಬೇಜಾರು ಮಾಡ್ಕಬೇಡಿ. ಮುರುಗಮಲ್ಲದಿಂದ ಬರೋ ಒಂದು ಬಸ್ಸು. ದರ್ಗಾಕ್ಕೆ ಹೋದ ಜನ ತುಂಬ್ಕಂಡು ಬರ್ತಿತ್ತು, ನಲವತ್ತು ನಿಮಿಷ ಹಿಡೀತಿತ್ತು. ಒಂದಿನ ಹದಿನೈದು ನಿಮಿಷಕ್ಕೆ ಬಂತು. ಓನರು ಕುಣಿದಾಡಿಬಿಟ್ಟ. ಅವತ್ತಿನ ಬೇಗ, ಬೇರೆ ದಿನದ ತಡ, ಎರಡೂ ಸೇರಿಸಿ ಭಾಗಿಸಿ ನಮ್ಮ ಬಸ್ಸಿನಂಥ ಬಸ್ಸಿಲ್ಲ ಅಂದ. ನಾನು ಬಾಗಿಲು ತೆಗೆದು ಒಳಗೆ ನೋಡಿದೆ. ಮೂರೇ ಜನ ಇದ್ರು. ಡ್ರೈವರ್ರು ಎಲ್ಲೂ ನಿಲ್ಲಿಸೇ ಇರಲಿಲ್ಲ. ಜನ ರಸ್ತೇಲೇ ನಿಂತಿದ್ರು."

"ಅದಕ್ಕೂ ಇದಕ್ಕೂ ಏನು ಸಂಬಂಧ?"

"ಇಪ್ಪತ್ತು ಜನ ಒಟ್ಟಿಗೆ ಕೇಳ್ತಾವ್ರೆ. ಮೂರು ಸಾವಿರ ಹೆಸರಲ್ಲಿ ಹುಡುಕಿ ಕೊಡಬೇಕು. ಅದಕ್ಕೆ ಹನ್ನೆರಡು ಸೆಕೆಂಡು ಬೇಕು, ಒಪ್ಪಿದೆ. ಇದ್ದಕ್ಕಿದ್ದಂಗೆ ಎರಡೇ ಸೆಕೆಂಡಲ್ಲಿ ಉತ್ತರ ಬಂದ್ರೆ, ಅದು ಹುಡುಕಿ ಕೊಟ್ಟ ಉತ್ತರಾನಾ, ಹುಡುಕದೇ ಕೊಟ್ಟ ಉತ್ತರಾನಾ?"

ಮುನಿಶಾಮಪ್ಪ ಒಳಕೋಣೆಯ ಕಡೆ ತಿರುಗಿ ನೋಡಿದ. ತಿಳಿಯದ ಮನುಷ್ಯನಲ್ಲ ಅವನು. ತಿಳಿಯಬಾರದೆಂದು ಹಟ ಹಿಡಿದವನು.

"ಒಂದು ಕೆಲಸ ಮಾಡಿ," ಎಂದ ವೆಂಕಟರವಣಪ್ಪ. "ಪಟ್ಟಿ ಇದ್ದಲ್ಲೇ ಇರಲಿ. ಒಂದು ನಂಬರು ಒತ್ತಿ."

ಒತ್ತಿದ. ಒಬ್ಬನೇ ಒತ್ತಿದ್ದರಿಂದ ಮೂರು ಎಣಿಸುವಷ್ಟರಲ್ಲಿ ಅಂಕಪಟ್ಟಿ ಬಂತು.

"ಈಗ ಪಟ್ಟೀನ ಆ ಜಾಗದಿಂದ ತೆಗೆದು ಬೇರೆ ಕಡೆ ಇಡಿ. ಅದೇ ನಂಬರು ಒತ್ತಿ."

ಮುನಿಶಾಮಪ್ಪ ಒಳಗೆ ಹೋಗಿ ಬಂದ. ಅದೇ ನಂಬರು ಒತ್ತಿದ. ಬೆರಳು ಎತ್ತುವ ಮೊದಲೇ ಪುಟ ಬಂದಿತ್ತು.

"ಏನಂತ ಬಂದಿದೆ? ನನಗೆ ಕಣ್ಣು ಕಾಣಲ್ಲ, ಓದಿ."

"ಈ ಸಂಖ್ಯೆ ಸಿಗಲಿಲ್ಲ," ಎಂದು ಮಾಲೀಕ ಮೆಲ್ಲಗೆ ಓದಿದ.

ಗಂಗುಲಮ್ಮ ಪೊರಕೆ ಹಿಡಿದುಕೊಂಡೇ ಪರದೆಯತ್ತ ಇಣುಕಿದಳು.

"ನಿನ್ನೆ ಅರ್ಧ ಗಂಟೆ ನಿಮ್ಮ ಬಸ್ಸು ಖಾಲಿ ಓಡಿದೆ," ಎಂದ ವೆಂಕಟರವಣಪ್ಪ. "ಹನ್ನೊಂದು ನಲವತ್ತಕ್ಕೆ ಯಾರೋ ಪಟ್ಟೀನ ಎತ್ಕಂಡು ಹೋದ್ರು. ನಕಲು ಮಾಡ್ಕಳೋ ಬದ್ಲು, ಗಾಬರೀಲಿ ಇದ್ದದ್ದನ್ನೇ ಎತ್ಕಂಡ್ರು. ಬೇರೆ ಕಡೆ ಕೂತು ಹನ್ನೊಂದು ಹೆಸರು ತಿದ್ದಿದ್ರು. ಹನ್ನೆರಡೂ ಹತ್ತಕ್ಕೆ ವಾಪಸ್ ಇಟ್ರು. ಆ ಅರ್ಧ ಗಂಟೇಲಿ ಚೆನ್ನರಾಯಪ್ಪ ಎಲ್ಲಿದ್ದ?"

"ಹಜಾರದಲ್ಲಿ. ಸೀಟಿ ಊದ್ತಾ." ಮುನಿಶಾಮಪ್ಪ ಕೂಡಲೇ ತಲೆ ಎತ್ತಿದ. "ಆದ್ರೆ ಪಟ್ಟಿ ಕಡೇ ಸಲ ತಿದ್ದಿರೋ ಹೊತ್ತು ಒಂದು ಮೂವತ್ತೈದು ಅಂತ ಮಿಷನ್ನೇ ತೋರಿಸುತ್ತೆ. ಆಗ ಅವನೇ ಒಳಗಿದ್ದ!"

"ಮಿಷನ್ನು ತೋರಿಸೋದು ಕಡೇಲಿ ಮುಟ್ಟಿದವರ ಹೊತ್ತು. ಮೊದಲು ಮುಟ್ಟಿದವರದಲ್ಲ. ನಿಮಗೆ ಹೊಳೀದೇ ಇದ್ದದ್ದು ಆ ಹುಡುಗನಿಗೆ ನಿನ್ನೆ ಮಧ್ಯಾಹ್ನಾನೇ ಹೊಳೆದಿದೆ. ಎರಡು ಸೆಕೆಂಡು ಸುಳ್ಳು ಅಂತ ಗೊತ್ತಾಗಿ ಒಳಗೆ ಹೋಗಿ ನೋಡಿದ್ದಾನೆ. ಸರಿ ಮಾಡೋಕೆ ಒದ್ದಾಡಿದ್ದಾನೆ. ಹಳೇ ಅಂಕ ಗೊತ್ತಿಲ್ಲದೆ ಸೋತಿದ್ದಾನೆ."

"ಹಂಗಾದ್ರೆ ಬಾಯಿ ಬಿಟ್ಟು ಹೇಳೋಕೇನು ಅವನಿಗೆ?"

ಆ ಪ್ರಶ್ನೆ ವೆಂಕಟರವಣಪ್ಪನಿಗೂ ಮುಳ್ಳಿನಂತೆ ಚುಚ್ಚುತ್ತಿತ್ತು. ಆದರೆ ಗಡಿಯಾರ ಎರಡೂ ಮುಕ್ಕಾಲು ತೋರಿಸುತ್ತಿತ್ತು.

"ಇದನ್ನೆಲ್ಲ ಒಂದು ಕಾಗದದಲ್ಲಿ ಬರೆದು ರುಜು ಹಾಕಿ ಕೊಡಿ."

"ಕೊಟ್ರೆ ನನ್ನ ಸರಾಸರಿ ಹನ್ನೊಂದೂವರೆ ಆಗುತ್ತೆ. ಕೆಲಸ ಹೋಗುತ್ತೆ. ನೆಂಟರು..." ಮುನಿಶಾಮಪ್ಪ ಕೈ ಮುಗಿದ. "ಆಗಲ್ಲ ಯಜಮಾನ್ರೇ. ನನ್ನ ಕೈಲಿ ಆಗಲ್ಲ."

"ನೋಡಪ್ಪಾ, ನಿನ್ನ ಮಿಷನ್ನು ತಡೆಯಲ್ಲ ಅಂತ ಇವತ್ತು ಒಬ್ಬ ಮುದುಕನ ಮುಂದೆ ಒಪ್ಕೊಂಡ್ರೆ ನಷ್ಟ ಸ್ವಲ್ಪ. ನಾಳೆ ಬೆಳಗ್ಗೆ ಮೂರು ಸಾವಿರ ಮಕ್ಕಳು ಒಟ್ಟಿಗೆ ಒತ್ತಿ, ಅದು ಅವರ ಮುಂದೆ ಮಕಾಡೆ ಮಲಗಿದ್ರೆ? ಮೆಟ್ಟಿಲ ಮೇಲೆ ಒಬ್ಬ ತಾಯಿ ಕೂತವ್ಳೆ. ಮೊದಲು ಅವಳ ಮುಖ ನೋಡು, ಆಮೇಲೆ ನಿನ್ನ ನೆಂಟರು ನಗೋದನ್ನ ಯೋಚನೆ ಮಾಡು."

ಮುನಿಶಾಮಪ್ಪ ಅರ್ಧ ಗಂಟೆಯಲ್ಲಿ ಎರಡು ಸಲ ಎದ್ದು ಮಹಡಿ ಮೆಟ್ಟಿಲವರೆಗೆ ಹೋದ, ಎರಡು ಸಲ ತಿರುಗಿ ಬಂದ. ಕೊನೆಗೆ ತನ್ನ ಅಚ್ಚು ಮಾಡಿಸಿದ ವರದಿಯನ್ನೇ ತಂದು, ಅದರ ಬೆನ್ನಿಗೆ ಬರೆದು ರುಜು ಹಾಕಿದ. ವೆಂಕಟರವಣಪ್ಪ ಅಲ್ಲಿಂದಲೇ ಸಬ್ ಇನ್‌ಸ್ಪೆಕ್ಟರ್ ಕೋನಪ್ಪನಿಗೆ ಫೋನು ಮಾಡಿದ.

"ಸಾರ್, ಹುಡುಗ ಮಾಡಿಲ್ಲ. ರುಜುವಾತು ನನ್ನ ಕೈಲಿದೆ. ನಾನು ಬರೋವರೆಗೆ ಕರ್ಕಂಡು ಹೋಗಬೇಡಿ."

"ನಾಲ್ಕರವರೆಗೆ ಕಾಯ್ತೀನಿ ಯಜಮಾನ್ರೇ. ಅದರ ಮೇಲೆ ಒಂದು ನಿಮಿಷ ಆಗಲ್ಲ."

ಫೋನು ಇಟ್ಟಾಗ ಗಂಟೆ ಮೂರೂವರೆ. ಬೆಳಗಿನಿಂದ ಮೊದಲ ಸಲ ಅವನಿಗೆ ಎದೆ ಹಗುರಾಯಿತು. ಹೊರಡುವ ಮುಂಚೆ ಸುಮ್ಮನೆ ಕೇಳಿದ.

"ಈ ವರದಿಯ ಮುಂದುಗಡೆ ಏನಿದೆ? ಓದಿಬಿಡಿ, ಅಲ್ಲಿ ಕೇಳಿದ್ರೆ ಹೇಳಬೇಕು."

"ಒಂದೊಂದು ಹಾಳೆಯ ಸರಾಸರಿ. ಇಪ್ಪತ್ತೂ ಇದೆ. ಒಂದನೇದು ಒಂಬತ್ತು, ಎರಡನೇದು ಒಂಬತ್ತು, ಮೂರು ಎಂಟೂವರೆ..."

"ಇಪ್ಪತ್ತಾ? ನನ್ನ ಹತ್ರ ಹತ್ತೊಂಬತ್ತೇ ಇರೋದು."

"ಇಪ್ಪತ್ತೂ ಎಣಿಸಿ ಕೊಟ್ಟಿದ್ದೀನಿ ಆ ಹುಡುಗೀಗೆ, ಇವತ್ತು ಬೆಳಗ್ಗೆ. ಎಲ್ಲಾ ಒಂದೇ ಥರ ಇದೆ ನೋಡಿ, ಹದಿನಾಲ್ಕನೇದು ಬಿಟ್ಟು. ಅದು ಮಾತ್ರ ಹನ್ನೊಂದೂವರೆ. ಹಳೇ ಕಂಪ್ಯೂಟರು ಅಂತ ಬಿಟ್ಟುಬಿಟ್ಟೆ."

ಹೊರಟಿದ್ದ ವೆಂಕಟರವಣಪ್ಪ ಮತ್ತೆ ಕುರ್ಚಿಯಲ್ಲಿ ಕೂತ.

ಹೋಟೆಲಿನಲ್ಲಿ ಬೋಂಡ ತಿನ್ನುತ್ತಾ ಕೂತು, ಟ್ರಿಪ್ಪು ಮುಗಿದ ಮೇಲೆ ಒಟ್ಟಿಗೆ ಸಮಯ ತುಂಬುವ ಕಂಡಕ್ಟರುಗಳನ್ನು ಅವನು ಎಷ್ಟು ಜನ ನೋಡಿರಲಿಲ್ಲ! ನಿನ್ನೆ ಎಷ್ಟಿತ್ತೋ ಇವತ್ತೂ ಅಷ್ಟೇ ಇರುತ್ತದೆಂದು ಬರೆಯುತ್ತಿದ್ದರು. ರಸ್ತೆಯಲ್ಲಿ ಅವತ್ತು ಏನಾದರೂ ನಡೆದಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿದ್ದರು.

ಅರ್ಧ ಗಂಟೆ ಹತ್ತೊಂಬತ್ತು ಜನ ಎರಡು ಸೆಕೆಂಡು ಎಂದು ಬರೆದರು. ಒಬ್ಬಳು ಮಾತ್ರ ಹನ್ನೆರಡು, ಹದಿಮೂರು ಎಂದೇ ಬರೆದಳು. ಯಾಕೆಂದರೆ ಅವಳು ಆ ಕುರ್ಚಿಯಲ್ಲಿ ಇರಲೇ ಇಲ್ಲ. ವಾಪಸ್ ಬಂದ ಮೇಲೆ ಅಂದಾಜಿನಿಂದ ತುಂಬಿದಳು. ತಾನು ಪಟ್ಟಿ ಎತ್ತಿಕೊಂಡು ಹೋದದ್ದರಿಂದಲೇ ಅಂಕಿ ಇಳಿದಿದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಇವತ್ತು, ಕಲ್ಲುಬೆಂಚಿನ ಮೇಲೆ, ಮೊದಲ ಹಾಳೆ ಓದುವವರೆಗೆ.

"ಹದಿನಾಲ್ಕನೇ ಕಂಪ್ಯೂಟರು ಎಲ್ಲಿದೆ?"

"ಕಡೇ ಸಾಲು. ಒಳಕೋಣೆ ಬಾಗಿಲ ಪಕ್ಕ, ಅಕ್ಕಪಕ್ಕದೋರ್ಗೆ ಕಂಬದ ಮರೆ."

"ಅಲ್ಲಿ ಕೂತಿದ್ದೋರು ಯಾರು?" ಉತ್ತರ ಗೊತ್ತಿದ್ದೇ ಕೇಳಿದ.

"ಇನ್ಯಾರು? ಮೇಷ್ಟ್ರ ತಂಗಿ. ಆಂಜಿನಮ್ಮ."

ರಸ್ತೆಗೆ ಬಂದಾಗ ಬಿಸಿಲು ಕಣ್ಣಿಗೆ ಹೊಡೆಯಿತು. ಕೈಯಲ್ಲಿ ಒಂದೇ ಕಾಗದ. ಬೆನ್ನಿನ ಮೇಲೆ ಅಣ್ಣನ ಬಿಡುಗಡೆ, ಮುಖದ ಮೇಲೆ ತಂಗಿಯ ಹದಿನಾಲ್ಕನೇ ಸಾಲು. ಹರಿದು ಎರಡು ಮಾಡುವ ಹಾಗಿಲ್ಲ. ಚೆನ್ನರಾಯಪ್ಪ ಹಜಾರದ ಮಧ್ಯೆ ನಿಂತು ಮೂವತ್ತು ಸಲ ಸೀಟಿ ಊದಿದ್ದ. ಮೂವತ್ತು ಸಲವೂ ಆ ಖಾಲಿ ಕುರ್ಚಿ ಅವನ ಕಣ್ಣಿಗೆ ಬಿದ್ದಿತ್ತು. ಅವನು ಯಾಕೆ ಬಾಯಿ ಬಿಡುತ್ತಿಲ್ಲ ಎಂಬುದಕ್ಕೆ ಬೇರೆ ಉತ್ತರ ಬೇಕಿರಲಿಲ್ಲ.

ಹೊಂಗೆ ಮರದ ಕೆಳಗೆ ಕಲ್ಲುಬೆಂಚು ಖಾಲಿಯಾಗಿತ್ತು.

"ಲಕ್ಷ್ಮಿದೇವಮ್ಮಾ, ಮಗಳೆಲ್ಲಿ?"

"ನೀವು ಕಳಿಸಿದ್ರಿ ಅಂದ್ಲಲ್ಲ ಅಪ್ಪಾ? ಎರಡು ಐವತ್ತರ ಗೌರಿಬಿದನೂರು ಬಸ್ಸಿಗೆ ಅಂತ ಹೋದ್ಲು. ಮಾಡ್ಸಿದೋರ್ನೇ ಕರ್ಕಂಡ್ ಬರ್ತೀನಿ, ಅಣ್ಣ ಸಾಯಂಕಾಲ ಮನೇಗೆ ಬರ್ತಾನೆ ಅಂದ್ಲು." ಮುದುಕಿ ಅವನ ಕೈಯಲ್ಲಿದ್ದ ಕಾಗದವನ್ನೇ ನೋಡಿದಳು. "ಬರ್ತಾನಾ ಅಪ್ಪಾ?"

ಅವನು ಠಾಣೆಯ ಒಳಗೆ ನಡೆದ.

ಕೋನಪ್ಪ ಮೇಜಿನ ಹಿಂದೆ ಟೋಪಿ ಹಾಕಿಕೊಂಡು ಸಿದ್ಧನಾಗಿದ್ದ. ಗೋಡೆಯ ಗಡಿಯಾರದಲ್ಲಿ ನಾಲ್ಕಕ್ಕೆ ಎಂಟು ನಿಮಿಷ. ಕಂಬಿಯ ಹಿಂದಿನಿಂದ ಚೆನ್ನರಾಯಪ್ಪ ಎದ್ದು ನಿಂತ. ವರದಿಯ ಹಾಳೆ ಅವನಿಗೆ ದೂರದಿಂದಲೇ ಗುರುತು ಸಿಕ್ಕಿತು. ಎರಡು ದಿನದಲ್ಲಿ ಮೊದಲ ಸಲ ಬಾಯಿ ಬಿಟ್ಟ.

"ಸಾರ್, ಬರ್ಕಳಿ. ನಾನೇ ಮಾಡಿದ್ದು. ಹನ್ನೊಂದೂ ನಾನೇ ತಿದ್ದಿದ್ದು. ಆ ಮುದುಕನ ಮಾತು ಕೇಳಬೇಡಿ."

ಕೋನಪ್ಪ ಪೆನ್ನು ತೆಗೆದವನು ವೆಂಕಟರವಣಪ್ಪನ ಕಡೆ ತಿರುಗಿದ. "ಏನ್ರೀ ಯಜಮಾನ್ರೇ, ನಿಮ್ಮ ರುಜುವಾತು ಎಲ್ಲಿ?"

"ಕೊಡ್ತೀನಿ ಸಾರ್. ಮೊದಲು ಒಂದು ಫೋನು."

ಕಾಗದವನ್ನು ಮೇಜಿನ ಮೇಲೆ ಮುಖ ಕೆಳಗಾಗಿಟ್ಟು, ಅದರ ಮೇಲೆ ಎಡ ಅಂಗೈ ಊರಿ, ಬಲಗೈಯಿಂದ ನಂಬರು ತಿರುಗಿಸಿದ. ಎರಡು ಐವತ್ತರ ಬಸ್ಸು ಹಳ್ಳಿ ಹಳ್ಳಿಗೂ ನಿಂತು ಮೂರು ಐವತ್ತಕ್ಕೆ ಶಿಡ್ಲಘಟ್ಟ ಸೇರುತ್ತದೆ. ಹತ್ತು ನಿಮಿಷ ನಿಲ್ಲುತ್ತದೆ. ಅಲ್ಲಿನ ಟೈಂ ಕೀಪರ್ ಪ್ಯಾರೇಜಾನ್ ಹಳೆಯ ಗೆಳೆಯ. ಹುಡುಗಿಯನ್ನು ಇಳಿಸಿ ಕೂರಿಸಿಕೊಂಡರೆ ಸಾಕು. ಉಳಿದದ್ದು ಆಮೇಲೆ.

"ಪ್ಯಾರೇಜಾನ್, ನಾನು ಕಣಯ್ಯ, ವೆಂಕಟರವಣಪ್ಪ. ಗೌರಿಬಿದನೂರು ಬಸ್ಸು ಬಂತಾ? ಅದರೊಳಗೆ ಒಂದು ಹುಡುಗಿ, ಇಪ್ಪತ್ತೆರಡು ವರ್ಷ, ನೀಲಿ ಸೀರೆ. ಸ್ವಲ್ಪ ಇಳಿಸ್ಕೋ."

ಆ ಕಡೆಯಿಂದ ನಗು ಕೇಳಿಸಿತು.

"ಎಲ್ಲಿದ್ದೀಯಣ್ಣಾ ನೀನು? ಆ ಬಸ್ಸು ಮೂರೂ ಇಪ್ಪತ್ತೈದಕ್ಕೇ ಬಂದು ಹೋಯ್ತು. ಇಷ್ಟು ಬೇಗ ಅದು ಯಾವತ್ತೂ ಬಂದಿದ್ದಿಲ್ಲ. ಏನಪ್ಪಾ ಅಂತ ನಾನೇ ಹತ್ತಿ ನೋಡ್ದೆ."

"ನೋಡಿದ್ರೆ?"

"ಡ್ರೈವರ್ರು, ಕಂಡಕ್ಟರ್ರು. ಇಬ್ರೇ. ಒಂದು ನರಪಿಳ್ಳೆ ಇಲ್ಲ ಅಣ್ಣಾ. ಬರೀ ಖಾಲಿ."

ಆಂಜಿನಮ್ಮ ಆ ಬಸ್ಸು ಹತ್ತೇ ಇಲ್ಲ, ತಾಯಿಗೂ ಸುಳ್ಳು ಹೇಳಿ ಹೋಗಿದ್ದಾಳೆ ಎಂದು ವೆಂಕಟರವಣಪ್ಪನಿಗೆ ಹೊಳೆಯಿತು.